ನಗುವಿನಲ್ಲಿ ಪಾಲು

ನಮ್ಮ ಕಡೆಯ ಶಾಲೆಗಳಲ್ಲಿ ಡಿಸೆಂಬರ್ ಕಳೆಯುತ್ತ ಬಂದಂತೆ ಗ್ಯಾದರಿಂಗಿನ ಗಾಳಿ ಬೀಸತೊಡಗುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ‘ವಾರ್ಷಿಕ ಸ್ನೇಹ ಸಮ್ಮೇಳನ’ ಎಂದು ಅಚ್ಚು ಹಾಕಿಸುತ್ತೇವೆ. ಬಾಯಲ್ಲಿ ಮಾತ್ರ ಎಲ್ಲರಿಗೂ ಅದು ಗ್ಯಾದರಿಂಗೇ. ಹಾಡು, ಕುಣಿತ, ಬಹುಮಾನ, ಕೊನೆಗೊಂದು ನಾಟಕ. ನಾಟಕದಲ್ಲಿ ರಾಜ ಇರಲಿ ಬಿಡಲಿ, ಒಬ್ಬ ದಡ್ಡ ಇರಲೇಬೇಕು. ಮಾಸ್ತರು ಒಂದು ಕೇಳುತ್ತಾರೆ, ಅವನು ಇನ್ನೊಂದು ಹೇಳುತ್ತಾನೆ, ಜನ ನಗುತ್ತಾರೆ. ಅವನ ಹೆಸರು ಸಾಮಾನ್ಯವಾಗಿ ಗುಂಡ.

ಗುಂಡನನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ವಾರಪತ್ರಿಕೆಗಳ ಮೂಲೆಯಲ್ಲಿ, ಮಕ್ಕಳ ಪುಟಗಳಲ್ಲಿ, ಹರಟೆಯ ಕಟ್ಟೆಯಲ್ಲಿ ಅವನನ್ನು ನಾವೆಲ್ಲ ಕಂಡಿದ್ದೇವೆ. ಅವನಿಗೆ ವಯಸ್ಸಾಗುವುದಿಲ್ಲ, ಅವನು ಪಾಸಾಗುವುದಿಲ್ಲ, ಎಷ್ಟು ನಕ್ಕರೂ ಅವನಿಗೆ ನೋವಾಗುವುದಿಲ್ಲ. ಅಂಥವನ ಬಗ್ಗೆ ಬರೆದು ಮಕ್ಕಳನ್ನು ನಗಿಸುವುದು ತಪ್ಪೇ ಎಂದು ಯಾರಾದರೂ ಕೇಳಿದ್ದರೆ ಒಂದು ಕಾಲದಲ್ಲಿ ನಾನೇ ಅವರನ್ನು ನೋಡಿ ನಕ್ಕುಬಿಡುತ್ತಿದ್ದೆ. ಈಗ ಆ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ. ಅದಕ್ಕೆ ಕಾರಣ ನಾನೇ ಬರೆದ ಒಂದು ನಾಟಕ.

ನನ್ನ ಊರು ಬಸವಕಲ್ಯಾಣಕ್ಕೆ ಹತ್ತಿರದ ನಾರಾಯಣಪುರ. ಚಾಲುಕ್ಯರ ಕಾಲದ ಹಳೆಯ ಶಿವಾಲಯವೊಂದು ಇರುವ ಊರು. ನೌಕರಿಯ ಮೇಲೆ ನಾನು ಸುತ್ತಿದ ಶಾಲೆಗಳು ಹಲವು. ಈಗ ಹೇಳುವ ಶಾಲೆಯ ಹೆಸರು ಬೇಡ. ಹುಡುಗನ ಹೆಸರಂತೂ ಬೇಡವೇ ಬೇಡ. ನಮ್ಮ ಕಡೆ ಹುಡುಗರನ್ನು ಕರೆಯುವಂತೆ ಅವನನ್ನು ತಮ್ಮಾ ಎಂದೇ ಕರೆಯುತ್ತೇನೆ. ಇದು ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಅವನು ಆಗ ಏಳನೇ ಇಯತ್ತೆಯಲ್ಲಿದ್ದ.

ತಮ್ಮನಿಗೆ ಓದಲು ಬರುತ್ತಿರಲಿಲ್ಲ. ಬರುತ್ತಲೇ ಇರಲಿಲ್ಲ ಎಂದರೆ ತಪ್ಪಾದೀತು. ನಿನ್ನೆ ಓದಿದ ಅಕ್ಷರ ಇವತ್ತು ಅವನಿಗೆ ಹೊಸದಾಗಿ ಕಾಣುತ್ತಿತ್ತು. ‘ವ’ಕ್ಕೂ ‘ಮ’ಕ್ಕೂ ಅವನಲ್ಲಿ ಭೇದವಿರಲಿಲ್ಲ. ‘ಪ’ ಮತ್ತು ‘ಷ’ ಒಂದೇ. ದೀರ್ಘ ಬಿಟ್ಟುಹೋಗುತ್ತಿತ್ತು. ಒತ್ತಕ್ಷರ ಬಂತೆಂದರೆ, ಏರಿನಲ್ಲಿ ಎತ್ತು ನಿಲ್ಲುವಂತೆ ನಿಂತುಬಿಡುತ್ತಿದ್ದ. ಆದರೆ ಕಿವಿಯಿಂದ ಕೇಳಿದ್ದು ಯಾವುದೂ ಅವನಿಗೆ ಮರೆಯುತ್ತಿರಲಿಲ್ಲ. ಬಸ್ಸಿನ ಕಂಡಕ್ಟರ್ ಸಸ್ತಾಪುರ ಬಂಗ್ಲಾ, ರಾಜೇಶ್ವರ, ಹುಮನಾಬಾದ ಎಂದು ಕೂಗುವುದನ್ನು ಅದೇ ದನಿಯಲ್ಲಿ, ಅದೇ ಬೇಸರದಲ್ಲಿ ಮಾಡಿ ತೋರಿಸುತ್ತಿದ್ದ. ಬಸ್ಸಿನ ಬೋರ್ಡು ಓದಲಾರದವನು ಹಾರ್ನ್ ಕೇಳಿಯೇ ಇದು ಯಾವ ಬಸ್ಸು ಎಂದು ಹೇಳುತ್ತಿದ್ದ. ನಾವು ಮಾಸ್ತರ ಖೋಲಿಯಲ್ಲಿ ಕುಳಿತು ಅವನ ಓದಿಗೆ ಒಂದು ಕಾರಣ ಹುಡುಕಿಕೊಂಡಿದ್ದೆವು: ಮನೆಯಲ್ಲಿ ಮರಾಠಿ, ಓಣಿಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಹುಡುಗ ಗೊಂದಲಗೊಂಡಿದ್ದಾನೆ. ಅದೇ ಓಣಿಯಿಂದ ಬಂದ ಉಳಿದ ಮಕ್ಕಳು ಸರಾಗವಾಗಿ ಓದುತ್ತಿದ್ದರು ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದರೂ ಅದಕ್ಕೆ ‘ಆಲಸ್ಯ’ ಎಂಬ ಇನ್ನೊಂದು ಹೆಸರು ಸಿದ್ಧವಾಗಿತ್ತು.

ಆ ವರ್ಷ ಗ್ಯಾದರಿಂಗಿಗೆ ನಾಟಕ ಬರೆಯುವ ಹೊಣೆ ನನ್ನ ಮೇಲೆ ಬಿತ್ತು. ಗುಂಡನ ನಾಟಕವನ್ನೇ ಬರೆದೆ. ಊರಿನ ಮುದುಕನಿಗೆ ಬಂದ ಕಾಗದವನ್ನು ಗುಂಡ ಓದಿ ಹೇಳುವ ಪ್ರಸಂಗ. ಕಾಗದದಲ್ಲಿ ಇರುವುದು ‘ಅಕ್ಕನಿಗೆ ವರ ಗೊತ್ತಾಗಿದೆ’ ಎಂಬ ಸಂತೋಷದ ಸುದ್ದಿ. ಗುಂಡ ಓದುತ್ತಾನೆ: ‘ಅಕ್ಕನಿಗೆ ಮರ ಗೊತ್ತಾಗಿದೆ. ಮರ ಎತ್ತರವಾಗಿದ್ದಾನೆ. ಮರನ ಮನೆಯವರು ಮರದಕ್ಷಿಣೆ ಬೇಡವೆಂದಿದ್ದಾರೆ.’ ಮುದುಕ ಗಾಬರಿಯಾಗಿ, ‘ಯಾವ ಮರ? ಬೇವಿಂದೋ ಹುಣಸಿದೋ?’ ಎಂದು ಕೇಳುತ್ತಾನೆ. ಬರೆಯುವಾಗ ನಾನೊಬ್ಬಳೇ ನಕ್ಕಿದ್ದೆ. ಈ ನಗೆ ನನಗೆ ಎಲ್ಲಿಂದ ಬಂತು? ತಮ್ಮನ ಕಾಪಿ ಪುಸ್ತಕದಿಂದ. ಗುಂಡನ ಪಾತ್ರಕ್ಕೂ ಅವನನ್ನೇ ಆರಿಸಿದೆ, ಏಕೆಂದರೆ ಅವನಷ್ಟು ಚೆನ್ನಾಗಿ ಅಭಿನಯಿಸುವವರು ಶಾಲೆಯಲ್ಲಿ ಇನ್ನೊಬ್ಬರಿರಲಿಲ್ಲ. ನಾನು ಓದಿ ಹೇಳಿದೆ. ಅವನು ಎರಡೇ ದಿನಕ್ಕೆ ಬಾಯಿಪಾಠ ಮಾಡಿದ.

ಜನ ಬಿದ್ದು ಬಿದ್ದು ನಕ್ಕರು. ಅವನ ತಾಯಿ ಹೆಂಗಸರ ಸಾಲಿನಲ್ಲಿ ಮುಂದೆಯೇ ಕುಳಿತಿದ್ದಳು. ಕಾರ್ಯಕ್ರಮ ಮುಗಿದು ನಾವು ಜಮಖಾನೆ ಸುತ್ತುತ್ತಿದ್ದಾಗ ಆಕೆ ಬಂದು ನಿಂತಳು. ‘ಅಕ್ಕೋರೆ, ಒಂದು ಮಾತು ಕೇಳ್ತೀನ್ರಿ. ನನ್ನ ಮಗ ಹಂಗ ಓದಿದ್ದು ನಾಟಕದಾಗಿಂದೋ, ಖರೇನೋ?’

‘ನಾಟಕದ್ದು’ ಎಂದೆ. ಆಕೆ ತಲೆಯಾಡಿಸಿ ಹೋದಳು. ನನ್ನ ಉತ್ತರವನ್ನು ನಂಬಿದಳೆಂದು ನನಗೆ ಅನ್ನಿಸಲಿಲ್ಲ.

ಮಾರನೆಯ ದಿನದಿಂದ ಶಾಲೆಯಲ್ಲಿ ತಮ್ಮನ ಹೆಸರು ‘ಮರ’ ಎಂದಾಯಿತು. ‘ಏ ಮರಾ, ಯಾವ ಗಿಡಾನೋ ನೀ?’ ಮೊದಮೊದಲು ಅವನೂ ನಗುತ್ತಿದ್ದ. ಆಮೇಲೆ ಓದಲು ಎಬ್ಬಿಸಿದರೆ ಎದ್ದು ನಿಂತು ಸುಮ್ಮನಿರತೊಡಗಿದ. ಕಂಡಕ್ಟರನ ದನಿಯೂ ನಿಂತಿತು. ಬೇಸಿಗೆ ರಜೆ ಕಳೆದು ಶಾಲೆ ಸುರುವಾದಾಗ ಎಂಟನೇ ಇಯತ್ತೆಯ ಹಾಜರಿಯಲ್ಲಿ ಅವನಿರಲಿಲ್ಲ. ಸೋದರಮಾವನ ಸಂಗಡ ಪುಣೆಗೆ ದುಡಿಯಲು ಹೋದನೆಂದರು. ನಮ್ಮ ಭಾಗದಿಂದ ಹಾಗೆ ಹೋಗುವ ಹುಡುಗರು ಬಹಳ. ನನ್ನ ನಾಟಕದಿಂದಲೇ ಹೋದ ಎಂದು ಹೇಳಿದರೆ ನನ್ನ ನಾಟಕವನ್ನು ದೊಡ್ಡದು ಮಾಡಿದಂತಾದೀತು. ಆದರೆ ಅದು ಕಾರಣಗಳ ಲೆಕ್ಕದಲ್ಲೇ ಇಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಲು ನನಗೆ ಇಂದಿಗೂ ಆಗಿಲ್ಲ.

2007ರಲ್ಲಿ ಆಮೀರ್ ಖಾನ್ ಅವರ ‘ತಾರೆ ಜಮೀನ್ ಪರ್’ ಚಿತ್ರ ಬಂತು. ಅದರಲ್ಲಿ ಇಶಾನ್ ಎಂಬ ಹುಡುಗನ ಕಣ್ಣೆದುರು ಅಕ್ಷರಗಳು ಕುಣಿಯುವುದನ್ನು ನೋಡುತ್ತ ನಾನು ಕುರ್ಚಿಯಲ್ಲಿ ಮುದುಡಿಕೊಂಡೆ. ಡಿಸ್ಲೆಕ್ಸಿಯಾ ಎಂಬ ಮಾತು ಅರ್ಥವಾದದ್ದು ಆಗಲೇ. ಬುದ್ಧಿಗೆ ಕೊರತೆಯಿಲ್ಲ, ಕಣ್ಣಿಗೆ, ಕಿವಿಗೆ ದೋಷವಿಲ್ಲ, ಆದರೆ ಬರೆದ ಗುರುತನ್ನು ಉಚ್ಚಾರದ ಜತೆ ಹೊಂದಿಸುವ ಕೆಲಸ ಕೆಲವರ ಮಿದುಳಿಗೆ ಕಷ್ಟ. ಕನ್ನಡದಲ್ಲಿ ಈ ಕೆಲಸ ಸಣ್ಣದೇನಲ್ಲ. ಇಂಗ್ಲಿಷಿನ ಮಗು 26 ಅಕ್ಷರ ಕಲಿತು ಮುಗಿಸುತ್ತದೆ. ನಮ್ಮ ಮಗುವಿಗೆ ಅಕ್ಷರಮಾಲೆಯ ಮೇಲೆ ಕಾಗುಣಿತ, ಕಾಗುಣಿತದ ಮೇಲೆ ಒತ್ತು. ಕರ್ನಾಟಕದ ಶಾಲೆಗಳಲ್ಲಿ ಕನ್ನಡದ ಓದನ್ನು ಅಭ್ಯಾಸ ಮಾಡಿದ ಸೋನಾಲಿ ನಾಗ್ ಅವರು, ಎಲ್ಲ ಅಕ್ಷರಗಳ ಮೇಲೆ ಹಿಡಿತ ಬರಲು ಸಾಮಾನ್ಯ ಮಕ್ಕಳಿಗೂ ನಾಲ್ಕನೇ ಇಯತ್ತೆಯವರೆಗೆ ಹೊತ್ತು ಹಿಡಿಯುತ್ತದೆ ಎಂದು 2007ರಲ್ಲೇ ತೋರಿಸಿದ್ದಾರೆ. ‘ವು’ ಮತ್ತು ‘ಮ’ ಅಕ್ಷರಗಳನ್ನು ಪಕ್ಕಪಕ್ಕ ಬರೆದು ನೋಡಿರಿ. ನಡುವೆ ಇರುವ ವ್ಯತ್ಯಾಸ ಎಷ್ಟು? ನಾನು ಮೂವತ್ತು ಮಕ್ಕಳ ಕಾಪಿ ತಿದ್ದುವ ಅವಸರದಲ್ಲಿ ಎಷ್ಟೋ ಸಲ ತಪ್ಪಿದ್ದೇನೆ. ನನ್ನನ್ನು ಯಾರೂ ‘ಮರ’ ಎಂದು ಕರೆಯಲಿಲ್ಲ.

ಅಪರಾಧ ಭಾವ ಮನುಷ್ಯನನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ತಳ್ಳುತ್ತದೆ. ನಾನು ಗುಂಡನ ಕಥೆಗಳನ್ನೆಲ್ಲ ಬಿಟ್ಟುಬಿಟ್ಟೆ. ಓದಲು ಬಾರದ ಮಕ್ಕಳ ಬಗ್ಗೆ ಕರುಣೆ ಉಕ್ಕಿಸುವ ಕಥೆಗಳನ್ನು ಆರಿಸಿ ಹೇಳತೊಡಗಿದೆ. ಅವುಗಳಲ್ಲಿ ಮಗು ಅಳುತ್ತದೆ, ಒಳ್ಳೆಯ ಗುರು ಬರುತ್ತಾರೆ, ಮಗು ಗೆಲ್ಲುತ್ತದೆ. ಒಂದು ದಿನ ಅದೇ ತೊಂದರೆಯಿದ್ದ ಹುಡುಗಿಯೊಬ್ಬಳು ಮುಖ ಸಣ್ಣದು ಮಾಡಿ, ‘ಅಕ್ಕೋರೆ, ಈ ಕಥಿ ಬ್ಯಾಡ್ರಿ. ಎಲ್ಲಾರೂ ನನ್ನ ಕಡಿ ನೋಡ್ತಾರ. ನಗೋ ಕಥಿ ಹೇಳ್ರಿ’ ಎಂದಳು. ನಗಿಸಿದರೂ ಎಲ್ಲರೂ ನೋಡುತ್ತಾರೆ, ಅಳಿಸಿದರೂ ಎಲ್ಲರೂ ನೋಡುತ್ತಾರೆ. ಹಾಗಾದರೆ ಏನು ಹೇಳಬೇಕು?

ಈ ಪ್ರಶ್ನೆಗೆ ನನಗೆ ಸಿಕ್ಕ ಮೊದಲ ಹಾದಿ ನಮ್ಮ ಮಣ್ಣಿನದೇ. ಪಂಚತಂತ್ರ ಸುರುವಾಗುವುದು ಎಲ್ಲಿಂದ ಎಂದು ನೆನಪಿಸಿಕೊಳ್ಳಿರಿ. ಅಮರಶಕ್ತಿ ಎಂಬ ರಾಜ. ಮೂವರು ಮಕ್ಕಳು. ಮೂವರಿಗೂ ವಿದ್ಯೆ ಹತ್ತದು. ಆಸ್ಥಾನದ ಪಂಡಿತರು, ವ್ಯಾಕರಣಕ್ಕೇ ಹನ್ನೆರಡು ವರ್ಷ ಬೇಕು ಎಂದು ಲೆಕ್ಕ ಹಾಕುತ್ತಾರೆ. ಮುದಿ ವಿಷ್ಣುಶರ್ಮ ಆರು ತಿಂಗಳು ಸಾಕೆಂದು ಅವರನ್ನು ಮನೆಗೆ ಕರೆದೊಯ್ದು ಕೋತಿ, ಕತ್ತೆ, ನರಿಗಳ ಕಥೆ ಹೇಳುತ್ತಾನೆ. ಲೋಕದ ತುಂಬ ಹರಡಿದ ಈ ನಗೆಯ ಕಥೆಗಳು ಹುಟ್ಟಿದ್ದು ದಡ್ಡರೆನಿಸಿಕೊಂಡ ಮೂವರು ವಿದ್ಯಾರ್ಥಿಗಳಿಗಾಗಿ! ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ, 11ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮನೆತನದ ಇಮ್ಮಡಿ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದವನು.

ಅದರಲ್ಲೊಂದು ಕಥೆಯನ್ನು ನಾನು ಪ್ರತಿ ವರ್ಷ ಹೇಳುತ್ತೇನೆ. ನಾಲ್ವರು ಗೆಳೆಯರು. ಮೂವರು ಮಹಾ ಪಂಡಿತರು, ಒಬ್ಬ ಓದದವನು. ಕಾಡಿನಲ್ಲಿ ಸತ್ತ ಸಿಂಹದ ಎಲುಬು ಸಿಗುತ್ತದೆ. ಒಬ್ಬ ಎಲುಬು ಜೋಡಿಸುತ್ತಾನೆ, ಇನ್ನೊಬ್ಬ ಮಾಂಸ, ಚರ್ಮ ತುಂಬುತ್ತಾನೆ, ಮೂರನೆಯವನು ಜೀವ ಕೊಡಲು ಹೊರಡುತ್ತಾನೆ. ಓದದವನು, ‘ಒಂದು ಕ್ಷಣ ತಡೀರಿ, ನಾನು ಗಿಡ ಏರ್ತೀನಿ’ ಎನ್ನುತ್ತಾನೆ. ಇಷ್ಟು ಹೇಳಿದಾಗ ಎಲ್ಲರಿಗಿಂತ ಮೊದಲು ನಗುವುದು ಹಿಂದಿನ ಸಾಲು. ಅವರ ನಗೆ ಮುಂದಿನ ಸಾಲಿಗೆ ಮುಟ್ಟಿ, ಓದುವ ಜಾಣರೂ ತಮ್ಮನ್ನು ತಾವು ನೆನೆದು ನಗುತ್ತಾರೆ. ಆ ಹೊತ್ತಿಗೆ ಯಾರೂ ಯಾರ ಕಡೆಗೂ ತಿರುಗಿ ನೋಡುವುದಿಲ್ಲ.

ದುರ್ಗಸಿಂಹನ ಕಾಲಕ್ಕೆ ಎರಡು ತಲೆಮಾರಿನ ಆಚೆ, ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರ ಕಲ್ಯಾಣದಲ್ಲಿ ‘ಮಿತಾಕ್ಷರ’ ಬರೆದ. ನಮ್ಮ ತಾಲೂಕಿನವರು ಅದರ ಹೆಸರು ಹೇಳುವಾಗ ಎದೆ ಉಬ್ಬಿಸುತ್ತೇವೆ, ಉಬ್ಬಿಸಬೇಕಾದದ್ದೇ. ಆದರೆ ಅದರಲ್ಲಿ ಆಸ್ತಿ ಹಂಚಿಕೆಯ ಒಂದು ನಿಯಮವಿದೆ. ಕುಂಟರು, ಕುರುಡರು, ವಾಸಿಯಾಗದ ರೋಗವುಳ್ಳವರು ಮುಂತಾದವರ ಜತೆ ‘ಜಡ’ನಿಗೂ ಪಾಲಿಲ್ಲ, ಅನ್ನ ಬಟ್ಟೆ ಕೊಟ್ಟು ಸಾಕಬೇಕು, ಅಷ್ಟೇ. ಹಿತಾಹಿತ ತಿಳಿಯಲಾರದವನು ಜಡ ಎಂದು ವಿಜ್ಞಾನೇಶ್ವರ ಅರ್ಥ ಹೇಳಿದ್ದಾನೆ. ಅವನ ಮಾತಿನಲ್ಲಿ ತಮ್ಮನಂಥ ಹುಡುಗ ಬರುವುದಿಲ್ಲ. ಆದರೆ ಕಾಗದದ ಮೇಲಿನ ಅರ್ಥಕ್ಕಿಂತ ಊರಿನ ನಾಲಗೆ ಅಗಲ. ‘ಜಡಬುದ್ಧಿ’ ಎಂಬ ಮಾತನ್ನು ಮಾಸ್ತರ ಖೋಲಿಯಲ್ಲಿ ನಾನೇ ಎಷ್ಟು ಸಲ ಕೇಳಿಲ್ಲ! ದೋಷದ ಕಾರಣಕ್ಕೆ ಪಾಲು ತಪ್ಪಿಸುವ ಈ ನಿಯಮ ಪೂರ್ತಿ ಅಳಿದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ.

ಅದನ್ನು ಓದಿದಂದು ನನ್ನ ತರಗತಿ ನನಗೆ ಬೇರೆಯಾಗಿ ಕಂಡಿತು. ಹಿಂದಿನ ಸಾಲಿನ ಮಗುವಿಗೆ ನಾವು ಬಿಸಿಯೂಟ ಕೊಡುತ್ತೇವೆ, ಸಮವಸ್ತ್ರ ಕೊಡುತ್ತೇವೆ, ಕನಿಕರ ಕೊಡುತ್ತೇವೆ, ಮುಂದಿನ ಇಯತ್ತೆಗೂ ದಾಟಿಸುತ್ತೇವೆ. ಸಾಕುವುದರಲ್ಲಿ ಕೊರತೆಯಿಲ್ಲ. ಪಾಲು ಮಾತ್ರ ಕೊಡುವುದಿಲ್ಲ. ವಿದ್ಯೆಯಲ್ಲಷ್ಟೇ ಅಲ್ಲ, ತರಗತಿಯ ನಗೆಯಲ್ಲೂ ಕೊಡುವುದಿಲ್ಲ. ನನ್ನ ನಾಟಕದಲ್ಲಿ ತಮ್ಮ ನಗೆಯ ಸರಕಾಗಿದ್ದ, ಪಾಲುದಾರನಾಗಿರಲಿಲ್ಲ. ಆಮೇಲಿನ ನನ್ನ ಕರುಣೆಯ ಕಥೆಗಳಲ್ಲಿ ಆ ಹುಡುಗಿ ಸಾಕಿಸಿಕೊಳ್ಳುವವಳಾಗಿದ್ದಳು. ಪಾಲು ಅವಳಿಗೂ ಇರಲಿಲ್ಲ.

ಪಾಲು ಕೊಟ್ಟು ನಗಿಸುವುದು ಹೇಗೆ ಎಂಬುದನ್ನು ಬರೆದು ತೋರಿಸಿದವರಿದ್ದಾರೆ. ಆರ್. ಕೆ. ನಾರಾಯಣರ ‘ಸ್ವಾಮಿ ಮತ್ತು ಸ್ನೇಹಿತರು’ ಬಂದದ್ದು 1935ರಲ್ಲಿ. ಶಂಕರನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರಿಸಿ ಟಿ.ವಿ.ಗೆ ತಂದಾಗ, 1980ರ ದಶಕದಲ್ಲಿ, ನಾವೆಲ್ಲ ಮಾಸ್ಟರ್ ಮಂಜುನಾಥನ ಮುಖದಲ್ಲಿ ಸ್ವಾಮಿಯನ್ನು ಕಂಡೆವು. ಸ್ವಾಮಿಗೆ ಕಲಿಕೆಯ ನ್ಯೂನತೆ ಇದೆ ಎಂದು ನಾನು ಹೇಳುತ್ತಿಲ್ಲ. ಲೆಕ್ಕವೆಂದರೆ ಎದೆ ನಡುಗುವ ಹುಡುಗ, ಅಷ್ಟೇ. ತಂದೆ ಮಾವಿನಹಣ್ಣಿನ ಲೆಕ್ಕ ಕೊಡುತ್ತಾರೆ. ಹತ್ತು ಹಣ್ಣಿಗೆ ಇಷ್ಟಾದರೆ ನಾಲ್ಕಕ್ಕೆ ಎಷ್ಟು? ಸ್ವಾಮಿಗೆ ಮೊದಲು ತಿಳಿಯಬೇಕಾದದ್ದು, ಹಣ್ಣು ಮಾಗಿವೆಯೋ ಇಲ್ಲವೋ! ನಾವು ನಗುತ್ತೇವೆ. ಆದರೆ ಅಷ್ಟು ಹೊತ್ತಿಗೆ ನಾವು ಸ್ವಾಮಿಯ ತಲೆಯೊಳಗೆ ಕುಳಿತಿರುತ್ತೇವೆ. ಅಲ್ಲಿಂದ ನೋಡಿದರೆ ಅವನ ಪ್ರಶ್ನೆಯೇ ಸರಿ, ಲೆಕ್ಕವೇ ಅಸಂಬದ್ಧ. ನನ್ನ ಗುಂಡನ ತಲೆಯೊಳಗೆ ನಾನು ಒಂದು ಸಲವೂ ಹೋಗಿರಲಿಲ್ಲ. ಅವನ ಬಾಯನ್ನಷ್ಟೇ ಉಪಯೋಗಿಸಿಕೊಂಡಿದ್ದೆ.

ಹೈದರಾಬಾದಿನಲ್ಲಿರುವ ನನ್ನ ತಂಗಿಯ ಮಗಳು ಒಮ್ಮೆ ರಜೆಗೆ ಬಂದಾಗ ಇಂಗ್ಲಿಷಿನ ಒಂದು ಮಕ್ಕಳ ಪುಸ್ತಕ ತಂದಿದ್ದಳು. ಹ್ಯಾಂಕ್ ಜಿಪ್ಜರ್ ಎಂಬ ನಾಲ್ಕನೇ ಇಯತ್ತೆಯ ಹುಡುಗನ ಕಥೆ. ಅಮೆರಿಕದ ನಟ ಹೆನ್ರಿ ವಿಂಕ್ಲರ್, ಲಿನ್ ಆಲಿವರ್ ಎಂಬಾಕೆಯ ಜತೆಗೂಡಿ 2003ರಿಂದ ಬರೆದ ಮಾಲೆಯ ಮೊದಲ ಪುಸ್ತಕ. ಬೇಸಿಗೆ ರಜೆಯಲ್ಲಿ ಏನು ಮಾಡಿದೆ ಎಂದು ಐದು ಪ್ಯಾರಾದ ಪ್ರಬಂಧ ಬರೆಯಬೇಕು. ಹ್ಯಾಂಕನಿಗೆ ಒಂದು ವಾಕ್ಯ ಬರೆಯುವುದೇ ಪರ್ವತ. ಅದಕ್ಕೆ ಅವನು ತಾನು ಕಂಡ ನಯಾಗರ ಜಲಪಾತದ ಮಾದರಿಯನ್ನೇ ಕಟ್ಟಿ ಶಾಲೆಗೆ ಒಯ್ಯುತ್ತಾನೆ. ತರಗತಿಯ ತುಂಬ ನೀರು! ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದ ನಾನೂ ನಕ್ಕೆ. ಆದರೆ ಆ ಕಥೆಯನ್ನು ಹೇಳುತ್ತಿರುವವನು ಹ್ಯಾಂಕನೇ. ಬರೆದ ವಿಂಕ್ಲರ್ ಬಾಲ್ಯದಲ್ಲೆಲ್ಲ ಮೂರ್ಖ, ಸೋಮಾರಿ ಎನ್ನಿಸಿಕೊಂಡು ಬೆಳೆದವರು. ತಮಗೆ ಡಿಸ್ಲೆಕ್ಸಿಯಾ ಇದೆ ಎಂದು ಅವರಿಗೆ ತಿಳಿದದ್ದು 31ನೇ ವಯಸ್ಸಿನಲ್ಲಿ, ಮಲಮಗನನ್ನು ಪರೀಕ್ಷೆ ಮಾಡಿಸಿದಾಗ. ತನ್ನ ನೋವಿನ ಗಂಟನ್ನು ತಾನೇ ಬಿಚ್ಚಿ ಹಂಚುವವನ ಕೈಯಿಂದ ನಗೆ ತೆಗೆದುಕೊಳ್ಳುವುದಕ್ಕೂ, ಆ ಗಂಟನ್ನು ಅವನ ಚೀಲದಿಂದ ಕದ್ದು ಹಂಚುವುದಕ್ಕೂ ಅಂತರವಿದೆ. ನಾನು ಮಾಡಿದ್ದು ಎರಡನೆಯದು.

ಹಾಗೆಂದು ತೊಂದರೆ ಇದ್ದವರು ಮಾತ್ರ ಬರೆಯಬೇಕೆಂದರೆ ನಮ್ಮಂಥ ಮಾಸ್ತರಿಣಿಯರ ಪೆನ್ನು ಒಣಗಿಹೋದೀತು. ವಿಷ್ಣುಶರ್ಮ ದಡ್ಡನಾಗಿರಲಿಲ್ಲವಲ್ಲ! ಈ ವಿಚಾರ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಒಂದು ಹಿಂದಿ ಚಿತ್ರದಲ್ಲಿ ಅಂಗವಿಕಲರನ್ನು ಗೇಲಿ ಮಾಡಿದ್ದಾರೆಂದು ಬಂದ ದಾವೆಯಲ್ಲಿ 2024ರ ಜುಲೈನಲ್ಲಿ ತೀರ್ಪು ಕೊಟ್ಟ ನ್ಯಾಯಪೀಠ, ವಿಕಲತೆ ಉಳ್ಳವರನ್ನು ಕೀಳು ಮಾಡುವ ಹಾಸ್ಯ ಬೇರೆ, ವಿಕಲತೆಯ ಬಗ್ಗೆ ಜನರಲ್ಲಿರುವ ತಪ್ಪು ತಿಳಿವಳಿಕೆಯನ್ನು ಅಲುಗಾಡಿಸುವ ಹಾಸ್ಯ ಬೇರೆ ಎಂದು ಗೆರೆ ಎಳೆದಿದೆ. ನಗೆಯನ್ನು ನಿಷೇಧಿಸಲಿಲ್ಲ. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ತಮ್ಮನಂಥವರಿಗೆ ಜಾಗವಿರಲಿಲ್ಲ. 2016ರ ಕಾಯ್ದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಈಗ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಸಿಗುತ್ತದೆ. ಕಾನೂನು ಇಷ್ಟು ಮಾಡಬಲ್ಲದು. ತರಗತಿಯಲ್ಲಿ ಯಾವ ಕಥೆ ಹೇಳಬೇಕು ಎಂಬುದನ್ನು ಅಕ್ಕೋರೇ ತೀರ್ಮಾನಿಸಬೇಕು.

ನಾನು ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ನಗೆಯ ಕಥೆ ಬರೆದರೆ, ಆರಿಸಿದರೆ, ಮೊದಲು ಓದು ಹತ್ತದ ಮಗುವಿಗೆ ಒಂಟಿಯಾಗಿ ಹೇಳುತ್ತೇನೆ. ಏನೂ ಕೇಳುವುದಿಲ್ಲ, ಮುಖ ನೋಡುತ್ತೇನೆ. ಆ ಮಗು ಬಾಯಿ ತೆರೆದು ನಕ್ಕರೆ, ‘ಮುಂದೇನಾಯ್ತ್ರಿ?’ ಎಂದರೆ, ಮರುದಿನ ತರಗತಿಗೆ ಹೇಳುತ್ತೇನೆ. ತುಟಿಯಷ್ಟೇ ನಕ್ಕು ಕಣ್ಣು ನೆಲ ನೋಡಿದರೆ ಕಥೆಯನ್ನು ಮಡಿಚಿಡುತ್ತೇನೆ. ಹೀಗೆ ಮಡಿಚಿಟ್ಟವುಗಳಲ್ಲಿ ನನಗೆ ಬಹಳ ಹಿಡಿಸಿದ ಕಥೆಗಳೂ ಇವೆ. ಈ ಪದ್ಧತಿಯೂ ಪರಿಪೂರ್ಣವಲ್ಲ. ತಮ್ಮನೂ ಮೊದಲು ನಕ್ಕಿದ್ದನಲ್ಲವೇ? ಅಕ್ಕೋರು ಮೆಚ್ಚಲಿ ಎಂದು ನಗುವ ಮಕ್ಕಳಿರುತ್ತಾರೆ. ಅದಕ್ಕೇ ನಕ್ಕ ಮೇಲೂ ನಾಲ್ಕು ದಿನ ಕಣ್ಣಿಟ್ಟಿರುತ್ತೇನೆ.

ಕೆಲವು ವರ್ಷಗಳ ಹಿಂದೆ ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ತಮ್ಮನ ತಾಯಿ ಸಿಕ್ಕಳು. ಅವಳೇ ಗುರುತು ಹಿಡಿದು, ‘ಅಕ್ಕೋರೆ, ಆರಾಮ ಇದ್ದೀರೇನ್ರಿ?’ ಎಂದು ಕೈ ಹಿಡಿದಳು. ಮಗ ಪುಣೆಯಲ್ಲಿ ಗಾಡಿ ಓಡಿಸುತ್ತಾನಂತೆ. ಫೋನಿನಲ್ಲಿ ಬರೆದು ಕಳಿಸುವ ರಗಳೆಯಿಲ್ಲ, ಮಾತಾಡಿಯೇ ಕಳಿಸುತ್ತಾನಂತೆ. ‘ಅಂದಿನ ನಾಟಕ…’ ಎಂದು ಸುರುಮಾಡಬೇಕೆಂದು ವರ್ಷಗಟ್ಟಲೆ ಕೂಡಿಟ್ಟುಕೊಂಡಿದ್ದ ಮಾತು ಗಂಟಲಲ್ಲೇ ಉಳಿಯಿತು. ‘ಮಗನ ಲಗ್ನ ಆಯ್ತೇನವ್ವಾ?’ ಎಂದು ಕೇಳಿದೆ.

ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. ‘ಆಯ್ತ್ರಿ ಅಕ್ಕೋರೆ. ಮರ ಹೋಗಿ ವರ ಆದ ನೋಡ್ರಿ!’

ಎಲ್ಲವನ್ನೂ ನೆನಪಿಟ್ಟಿದ್ದಳು. ಅಷ್ಟರಲ್ಲಿ ಹುಮನಾಬಾದ ಬಸ್ಸು ಬಂತು, ಆಕೆ ಗಂಟು ಎತ್ತಿಕೊಂಡು ಹತ್ತಿದಳು. ಆ ನಗೆ ಈಗ ಅವರ ಮನೆಯದು. ಅದರಲ್ಲಿ ನನಗೂ ಒಂದು ಪಾಲು ಕೊಟ್ಟು ಹೋದಳೋ, ನನ್ನ ಲೆಕ್ಕವನ್ನು ನನ್ನ ಕೈಗೆ ತಿರುಗಿ ಕೊಟ್ಟು ಹೋದಳೋ ನನಗೆ ತಿಳಿಯಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಾನು ನಗಲೂ ಇಲ್ಲ.